ದಿನಕ್ಕೆ ಆರು ಮೊಟ್ಟೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಸ್ ಡಿಪೋದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ನಲವತ್ತೊಂದು ಜನ ಡ್ರೈವರು ಕಂಡಕ್ಟರುಗಳಲ್ಲಿ ಯಾರಿಗೆ ಯಾವ ಬಸ್ಸು, ಯಾವ ಪಾಳಿ ಎಂದು ಹತ್ತೊಂಬತ್ತು ವರ್ಷ ಚಾರ್ಟ್ ಬರೆದು ನೋಡಿ, ಆಮೇಲೆ ನನ್ನ ಮೂಗಿನ ವಿಚಾರಕ್ಕೆ ಬನ್ನಿ. ಒಬ್ಬನಿಗೆ ಬೆಳಗಿನ ಪಾಳಿ ಆಗದು, ಇನ್ನೊಬ್ಬನಿಗೆ ಏಳನೇ ನಂಬರ್ ಬಸ್ಸು ಆಗದು, ಮೂರನೆಯವನಿಗೆ ಈ ಇಬ್ಬರೂ ಆಗದು. ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಚಾರ್ಟಮ್ಮ. ಎದುರಿಗೇ ಚಾರ್ಟಮ್ಮ ಎಂದು ಕರೆಯುವ ಧೈರ್ಯ ಇದ್ದದ್ದು ಒಬ್ಬರಿಗೇ, ರಸ್ತೆಯಾಚೆಯ ರಾಮೆನ್ ಅಂಗಡಿಯ ಸೌಟಕ್ಕನಿಗೆ. ಇದು ಅವರ ಕಥೆ. ನಾನು ಮಾಡಿದ ಒಂದು ಅತಿಬುದ್ಧಿಯ ಕಥೆಯೂ ಹೌದು, ಅದನ್ನು ಬಿಟ್ಟು ಅವರದನ್ನು ಹೇಳಲು ಬರುವುದಿಲ್ಲ.

ರಾಮೆನ್ ಎಂದರೆ ದೊಡ್ಡ ಬಟ್ಟಲಿನ ತುಂಬ ಬಿಸಿ ಸೂಪು, ಅದರೊಳಗೆ ನೂಡಲ್ಸ್, ಮೇಲೆ ಮಾಂಸದ ಎರಡು ತೆಳು ಹೋಳು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಮತ್ತು ನಡುವೆ ಎರಡು ಭಾಗ ಮಾಡಿಟ್ಟ ಒಂದು ಮೊಟ್ಟೆ. ನಿಂತುಕೊಂಡೇ ಅರ್ಧ ದಿನ ಕಳೆಯುವವರಿಗೆ, ಕೂತುಕೊಂಡೇ ಬೆನ್ನು ಹಿಡಿಸಿಕೊಳ್ಳುವವರಿಗೆ ಅದೊಂದು ಬಟ್ಟಲು ಹೊಟ್ಟೆಗೆ ಬಿದ್ದರೆ ಸಾಕು, ಮತ್ತೆ ಮನುಷ್ಯರಾಗುತ್ತಾರೆ. ಈ ರಾಮೆನ್ ಮಾರುವ ಕಂಪನಿಗೆ ಊರಲ್ಲಿ ಒಂದು ಕಾಲಕ್ಕೆ ಹನ್ನೊಂದು ಅಂಗಡಿಗಳಿದ್ದವು. ಎಲ್ಲದಕ್ಕೂ ಅದೇ ಕೆಂಪು ಬಾಗಿಲು, ಅದೇ ಎತ್ತರದ ಕಟ್ಟೆ, ಕಟ್ಟೆಯ ಮುಂದೆ ಅದೇ ದುಂಡು ಸ್ಟೂಲು. ಆದರೆ ನಮ್ಮ ಡಿಪೋದ ಗೇಟಿನ ಎದುರಿನದರಲ್ಲಿ ಮಾತ್ರ ಸೌಟಕ್ಕ ಇದ್ದರು. ಬಾಗಿಲು ತಳ್ಳಿದ ಕೂಡಲೇ ಅವರು ಬಾಯಿ ಬಿಡದೆ ಕೈಯ ಸೌಟಿನಿಂದ ಖಾಲಿ ಸ್ಟೂಲು ತೋರಿಸುತ್ತಿದ್ದರು. ಅಲ್ಲೇ ಕೂರಬೇಕು. ಬೇರೆ ಕಡೆ ಕೂತರೆ ಬಟ್ಟಲು ಬರುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ.

ಅಕ್ಕ ಮೊದಲು ನಮ್ಮ ಡಿಪೋದವರೇ ಆಗಿದ್ದರು ಎಂದು ಹಳೆಯ ಮೆಕ್ಯಾನಿಕ್ ಒಬ್ಬರು ನನಗೆ ಹೇಳಿದ್ದರು. ವರ್ಕ್‌ಶಾಪಿನ ಮೂಲೆಯಲ್ಲಿ ಕೂತು ಒಂಬತ್ತು ವರ್ಷ ಬಸ್ಸಿನ ಸೀಟು ಹೊಲಿದವರು. ಅವರು ಹೊಲಿದ ಸೀಟಿನ ಅಂಚು ಹತ್ತು ವರ್ಷವಾದರೂ ಬಿಚ್ಚುತ್ತಿರಲಿಲ್ಲವಂತೆ. ಆಮೇಲೆ ಫ್ಯಾಕ್ಟರಿಯಿಂದ ಪ್ಲಾಸ್ಟಿಕ್ ಸೀಟು ಬಂತು. ಹೊಲಿಯುವುದಕ್ಕೆ ಏನೂ ಉಳಿಯಲಿಲ್ಲ. ಒಂದು ಮಧ್ಯಾಹ್ನ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಅಕ್ಕ ಸೂಜಿ, ದಾರದ ಉಂಡೆ ಚೀಲಕ್ಕೆ ಹಾಕಿಕೊಂಡು ಗೇಟು ದಾಟಿದರೆ ಎದುರಿಗೆ ಹೊಸ ಅಂಗಡಿಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ನೇರ ಒಳಗೆ ಹೋಗಿ ಕೆಲಸ ಇದೆಯಾ ಎಂದು ಕೇಳಿದರು. ಅಡುಗೆ ಬರುತ್ತಾ ಎಂದು ಅಂಗಡಿಯವರು ಕೇಳಿದ್ದಕ್ಕೆ, ಕಲಿಸಿದರೆ ಬರುತ್ತೆ ಎಂದರಂತೆ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು ಅದು.

ಆ ಸೂಜಿ ದಾರವನ್ನು ಅವರು ಬಿಡಲಿಲ್ಲ. ಸೀಟು ಹೊಲಿಯುವ ದಪ್ಪ ಸೂಜಿಯಿಂದ ಪ್ರತಿ ಮೊಟ್ಟೆಯ ಅಗಲದ ತುದಿಗೆ ಒಂದು ಸಣ್ಣ ತೂತು ಮಾಡಿ ಆಮೇಲೆ ಕುದಿಯುವ ನೀರಿಗೆ ಬಿಡುತ್ತಿದ್ದರು. ಹಾಗೆ ಮಾಡಿದರೆ ಚಿಪ್ಪು ಒಡೆಯುವುದಿಲ್ಲವಂತೆ. ಆರೂವರೆ ನಿಮಿಷ, ಅದಕ್ಕಿಂತ ಒಂದು ಚಣ ಹೆಚ್ಚಿಲ್ಲ. ಸುಲಿದು, ಸೋಯಾ ಸಾಸು, ಸಕ್ಕರೆ, ಜಜ್ಜಿದ ಶುಂಠಿ ಹಾಕಿದ ನೀರಲ್ಲಿ ಒಂದು ದಿನ ನೆನೆಸುತ್ತಿದ್ದರು. ಕತ್ತರಿಸುವುದಕ್ಕೆ ಚಾಕು ಮುಟ್ಟುತ್ತಿರಲಿಲ್ಲ. ದಾರದ ಒಂದು ತುದಿ ಹಲ್ಲಲ್ಲಿ, ಇನ್ನೊಂದು ಕೈಯಲ್ಲಿ, ನಡುವೆ ಮೊಟ್ಟೆ. ಒಂದೇ ಎಳೆತ. ಎರಡು ಭಾಗವಾದ ಮೊಟ್ಟೆಯ ಒಳಗಿನ ಹಳದಿ ಜೇನಿನ ಹಾಗೆ ನಿಂತಿರುತ್ತಿತ್ತು, ಒಂದು ತೊಟ್ಟು ಹೊರಗೆ ಹರಿಯುತ್ತಿರಲಿಲ್ಲ. ಕಂಪನಿಯ ಶುಚಿತ್ವದ ಪುಸ್ತಕದಲ್ಲಿ ಹಲ್ಲಿನ ವಿಷಯ ಏನಿದೆಯೋ ನನಗೆ ಗೊತ್ತಿಲ್ಲ. ನಾನಂತೂ ಯಾರಿಗೂ ಹೇಳಿಲ್ಲ.

ಅಕ್ಕನಿಗೆ ಮನೆಯಲ್ಲಿ ಒಬ್ಬ ಸೋದರತ್ತೆ, ಎಂಬತ್ತನಾಲ್ಕು ದಾಟಿದವರು. ಕಿವಿ ಕೇಳಿಸುವುದಿಲ್ಲ, ನಾಲಿಗೆ ಮಾತ್ರ ಇಬ್ಬರದ್ದು. ಅಕ್ಕ ಆ ಮುದುಕಿಯ ಬೈಗುಳಗಳನ್ನು ನಮಗೆ ನಟಿಸಿ ತೋರಿಸುತ್ತಿದ್ದರು. ನಗುವಾಗ ಸೌಟನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ತಮ್ಮ ಕಷ್ಟ ಎಂದು ಮಾತ್ರ ಒಂದು ದಿನ ಬಾಯಿಬಿಟ್ಟವರಲ್ಲ.

ಮೂರು ವರ್ಷದಿಂದ ಅಂಗಡಿಯ ಸ್ಥಿತಿ ಇಳಿಯತೊಡಗಿತು. ಗೋಡೆಯ ದರಪಟ್ಟಿಯಲ್ಲಿ ಹಳೆಯ ಬೆಲೆಯ ಮೇಲೆ ಹೊಸ ಚೀಟಿ, ಅದರ ಮೇಲೆ ಇನ್ನೊಂದು. ಅಂಟಿಸಿ ಅಂಟಿಸಿ ಆ ಜಾಗ ಬೆರಳಿಗೆ ಸಿಗುವಷ್ಟು ಉಬ್ಬಿಕೊಂಡಿತ್ತು. ಎರಡನೇ ಸಲ ಪುಕ್ಕಟೆ ಕೊಡುತ್ತಿದ್ದ ನೂಡಲ್ಸ್ ನಿಂತಿತು. ಕೈ ಒರೆಸುವ ಕಾಗದ ಕೇಳಿದರೆ ಮಾತ್ರ ಸಿಗುವಂತಾಯಿತು. ಕಟ್ಟೆಯ ಹಿಂದೆ ನಾಲ್ಕು ಜನ ಇದ್ದ ಕಡೆ ಇಬ್ಬರಾದರು, ಆಮೇಲೆ ಅಕ್ಕ ಒಬ್ಬರೇ ಉಳಿದರು. ಸ್ಟೂಲಿನ ಹೊದಿಕೆ ಹರಿದರೆ ಬದಲಿಸುವುದಕ್ಕೆ ಕಂಪನಿಯಿಂದ ಯಾರೂ ಬರಲಿಲ್ಲ. ಅಕ್ಕನೇ ಕೂತು ಹೊಲಿದರು, ಬಸ್ ಸೀಟಿನ ಹೊಲಿಗೆ. ಹನ್ನೊಂದು ಅಂಗಡಿಗಳು ಏಳಕ್ಕಿಳಿದವು. ಬಾಗಿಲಿನ ಗಾಜಿಗೆ ಕಂಪನಿಯ ಒಂದು ಕಾಗದ ಅಂಟಿತು: ಹಿಟ್ಟು, ಮೊಟ್ಟೆ, ಗ್ಯಾಸು, ಬಾಡಿಗೆ ಎಲ್ಲವೂ ಏರಿದೆ, ಗ್ರಾಹಕರು ದಯವಿಟ್ಟು ಸಹಕರಿಸಬೇಕು.

ಸಹಕರಿಸುವುದು ಎಂದರೆ ಹೇಗೆ? ನಮ್ಮ ಕಂಡಕ್ಟರ್ ಒಬ್ಬನಿದ್ದಾನೆ, ರೇಡಿಯೋ ಎಂದು ಅವನ ಅಡ್ಡಹೆಸರು, ಬಾಯಿಗೆ ಬೀಗವೇ ಇಲ್ಲ. ಅವನು ಒಂದು ದಿನ ಬಟ್ಟಲಿನ ಕೆಳಗೆ ಹೆಚ್ಚಿಗೆ ದುಡ್ಡು ಇಟ್ಟು ಬಂದ. ಅಕ್ಕ ಅದನ್ನು ಹಿಡಿದುಕೊಂಡು ರಸ್ತೆ ದಾಟಿ, ಹೊರಟು ನಿಂತ ಬಸ್ಸಿನ ಕಿಟಕಿಯಿಂದ ಅವನ ತೊಡೆಯ ಮೇಲೆ ಎಸೆದು, ತುಂಬಿದ ಬಸ್ಸಿನ ಎದುರಿಗೆ ಅವನ ಮಾನ ಕಳೆದು ಹೋದರು. ಆಮೇಲೆ ಆ ದಾರಿಗೆ ಯಾರೂ ಹೋಗಲಿಲ್ಲ. ಮೊಟ್ಟೆಯ ಬೆಲೆ ಇದ್ದಕ್ಕಿದ್ದಂತೆ ಒಂದಕ್ಕೆ ಎರಡಾದಾಗ, ಖರ್ಚು ಮೀರಿದ ಅಂಗಡಿಗಳನ್ನು ಇನ್ನೂ ಮುಚ್ಚುತ್ತಾರಂತೆ ಎಂಬ ಸುದ್ದಿ ತಂದವನೂ ಇದೇ ರೇಡಿಯೋ. ಅವತ್ತು ನನ್ನ ತಲೆಗೆ ಒಂದು ಹುಳ ಹೊಕ್ಕಿತು.

ದುಡ್ಡು ಪೂರ್ತಿ ಕೊಡುವುದು, ಮೊಟ್ಟೆ ಬೇಡ ಎನ್ನುವುದು. ಅಷ್ಟೇ. ಮೊಟ್ಟೆ ಉಳಿಯಿತು, ಅಂಗಡಿಗೆ ಅಷ್ಟು ಖರ್ಚು ತಪ್ಪಿತು, ಅಕ್ಕನಿಗೆ ತಿಳಿಯುವುದೂ ಇಲ್ಲ. ಡಿಪೋದವರೆಲ್ಲ ಒಪ್ಪಿದರು. ಆದರೆ ಎಲ್ಲರೂ ಒಂದೇ ದಿನ ಬೇಡ ಅಂದರೆ ಗುಟ್ಟು ರಟ್ಟಾಗುತ್ತದೆ. ಅದಕ್ಕೆ ನಾನಿದ್ದೇನಲ್ಲ. ನನ್ನನ್ನೂ ಸೇರಿಸಿ ನಲವತ್ತೆರಡು ಜನ, ವಾರಕ್ಕೆ ಏಳು ದಿನ, ದಿನಕ್ಕೆ ಆರು ಜನ. ಚಾರ್ಟ್ ಬರೆದೆ. ಯಾರು, ಯಾವ ದಿನ, ಏನು ನೆಪ, ರಜೆ ಹಾಕಿದರೆ ಬದಲಿಗೆ ಯಾರು, ಎಲ್ಲಕ್ಕೂ ಒಂದೊಂದು ಗೆರೆ. ನೆಪಗಳೂ ನಾನೇ ಹಂಚಿದ್ದು. ಒಬ್ಬನಿಗೆ ಪಿತ್ತ, ಒಬ್ಬನಿಗೆ ಹಲ್ಲುನೋವು, ಒಬ್ಬನಿಗೆ ಡಾಕ್ಟರು ಬೇಡ ಅಂದದ್ದು. ನಾನು ಗುರುವಾರದವಳು, ನೆಪ ವಯಸ್ಸು. ಚಾರ್ಟನ್ನು ನನ್ನ ಕಪಾಟಿನ ಬಾಗಿಲಿನ ಒಳಬದಿಗೆ ಗೋಂದು ಬಳಿದು ಅಂಟಿಸಿದೆ. ಹದಿನೇಳನೇ ನಂಬರಿನ ಡ್ರೈವರ್ ಒಂದು ಸೋಮವಾರ ಆಸೆ ತಡೆಯಲಾರದೆ ಮೊಟ್ಟೆ ತಿಂದುಬಿಟ್ಟ. ಅವನಿಗೆ ಒಂದು ವಾರ ಪೂರ್ತಿ ಬೆಳಗಿನ ಮೊದಲ ಬಸ್ಸು ಹಾಕಿದೆ. ಅದೊಂದು ಬಿಟ್ಟರೆ ನಾಲ್ಕು ತಿಂಗಳು ಒಂದು ದಿನ ತಪ್ಪಲಿಲ್ಲ. ದಿನಕ್ಕೆ ಆರು ಎಂದರೆ ಆರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚೆನ್ನಾಗಿ ನಡೆದ ಚಾರ್ಟು ಇನ್ನೊಂದಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಎರಡನೇ ತಿಂಗಳಲ್ಲಿ ಅಕ್ಕ ನನ್ನನ್ನು ಒಮ್ಮೆ ಕೇಳಿದರು, ಮೊಟ್ಟೆ ಯಾಕೆ ಬೇಡ, ಏನಾದರೂ ಹೆಚ್ಚುಕಮ್ಮಿ ಆಗಿದೆಯಾ ಎಂದು. ವಯಸ್ಸಾಯಿತಲ್ಲ ಅಕ್ಕ, ಜೀರ್ಣ ಆಗಲ್ಲ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅವರ ಮುಖ ಸಣ್ಣದಾದದ್ದು ಕಂಡು ಸಮಾಧಾನ ಮಾಡಲು ಹೋಗಿ, ಮೊಟ್ಟೆ ಹೋದರೆ ಹೋಗಲಿ, ನಿಮ್ಮ ಈ ಸೂಪು ಇದೆಯಲ್ಲ, ಇದು ಇನ್ನೆಲ್ಲೂ ಸಿಗಲ್ಲ ಎಂದುಬಿಟ್ಟೆ. ಅಕ್ಕ ಸೂಪಿನ ದೊಡ್ಡ ಹಂಡೆಯ ಮುಚ್ಚಳ ಸರಿಮಾಡಿದರು. ಆ ಮಾತು ನೆನಪಾದರೆ ನನಗೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಬೇರೆ ದಿನಗಳಲ್ಲಿ ನಾನು ಮೊಟ್ಟೆ ತಿನ್ನುತ್ತಿದ್ದೆನಲ್ಲ, ರುಚಿ ಒಂದೊಂದು ವಾರ ಒಂದೊಂದು ಥರ ಇರುತ್ತಿತ್ತು. ಒಮ್ಮೆ ಶುಂಠಿ ಹೆಚ್ಚು, ಒಮ್ಮೆ ಬಣ್ಣ ಕಪ್ಪಾಗುವಷ್ಟು ನೆನೆದದ್ದು, ಒಮ್ಮೆ ಉಪ್ಪು ಮುಂದೆ. ಐವತ್ತೆಂಟು ವರ್ಷ, ಒಬ್ಬರೇ ಎಲ್ಲ ಮಾಡಬೇಕು, ಕೈ ತಪ್ಪುತ್ತಿದೆ ಪಾಪ ಎಂದುಕೊಂಡೆ. ಕೇಳಿದರೆ ನೊಂದುಕೊಳ್ಳುತ್ತಾರೆ ಎಂದು ಸುಮ್ಮನಿದ್ದೆ. ಊರಿಗೆಲ್ಲ ತಪ್ಪು ತೋರಿಸುವವಳು ಅವರಿಗೆ ಮಾತ್ರ ತೋರಿಸಲಿಲ್ಲ, ನೋಡಿ.

ಒಂದು ಗುರುವಾರ, ಮಧ್ಯಾಹ್ನ ಮೂರೂವರೆ ಇರಬೇಕು, ಎರಡು ಪಾಳಿಗಳ ನಡುವಿನ ಹೊತ್ತು. ಬಾಗಿಲು ತಳ್ಳಿದೆ. ಸೌಟು ಸ್ಟೂಲು ತೋರಿಸಲಿಲ್ಲ. ಅಕ್ಕ ಕಟ್ಟೆಯ ಈಚೆ, ಗಿರಾಕಿಗಳ ಕಡೆ ಕೂತಿದ್ದರು. ಮೈಮೇಲೆ ಏಪ್ರನ್ ಇರಲಿಲ್ಲ. ಏಪ್ರನ್ ಇಲ್ಲದ ಅವರನ್ನು ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿಯೇ ಇರಲಿಲ್ಲ, ಯಾರೋ ಬೇರೆಯವರು ಅನಿಸಿತು. ಎದುರಿಗೆ ಬೂದು ಅಂಗಿಯ ಒಬ್ಬರು. ನಾಲ್ಕು ದಿನದಿಂದ ಕಿಟಕಿಯ ಪಕ್ಕ ಕೂತು ತಿಂದು ಹೋಗುತ್ತಿದ್ದವರು, ನಾನೂ ಕಂಡಿದ್ದೆ. ಕಟ್ಟೆಯ ಮೇಲೆ ಅಕ್ಕನ ಊಟದ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಒಳಗೆ ಆರು ಮೊಟ್ಟೆಗಳಿದ್ದವು, ಹಿಂದಿನ ದಿನ ಉಳಿದು ಅವತ್ತು ಮನೆಗೆ ಹೋಗಬೇಕಿದ್ದವು. ಡಬ್ಬಿಯ ಪಕ್ಕ ಒಂದು ಕಾಗದ, ಕಾಗದದ ಮೇಲೆ ಪೆನ್ನು.

ಅವರು ಕಂಪನಿಯ ತಪಾಸಣೆಯವರು. ಕೆಟ್ಟ ಮನುಷ್ಯರಲ್ಲ, ದನಿ ಏರಿಸಿ ಒಂದು ಮಾತಾಡಲಿಲ್ಲ. ಗಿರಾಕಿ ಹಾಗೆ ಕೂತು ನೋಡಿದ್ದನ್ನು ಬರೆದುಕೊಂಡಿದ್ದರು. ನಾಲ್ಕು ದಿನ, ದಿನಕ್ಕೆ ಸರಿಯಾಗಿ ಆರು ಬಟ್ಟಲುಗಳಿಗೆ ಮೊಟ್ಟೆ ಹಾಕಿಲ್ಲ, ದುಡ್ಡು ಪೂರ್ತಿ ತೆಗೆದುಕೊಂಡಿದ್ದಾರೆ, ಪಾಳಿ ಮುಗಿದ ಮೇಲೆ ಆರು ಮೊಟ್ಟೆ ಡಬ್ಬಿಯಲ್ಲಿ ಮನೆಗೆ ಹೋಗಿದೆ. ಉಳಿದ ಮೊಟ್ಟೆಯನ್ನು ಎಸೆದು ಪುಸ್ತಕದಲ್ಲಿ ಬರೆಯಬೇಕು ಎಂಬುದು ನಿಯಮ. ಅಕ್ಕ ಎಸೆದೂ ಇಲ್ಲ, ಬರೆದೂ ಇಲ್ಲ. ಅವರೇ ಬೇಡ ಅಂದರು ಎಂದು ಅಕ್ಕ ಹೇಳಿದ್ದಾರೆ. ತಪಾಸಣೆಯವರಿಗೆ ಅದು ಹೇಗೆ ನಂಬಿಕೆ ಬರಬೇಕು? ಒಂದು ದಿನ ಮೂರು ಜನ ಬೇಡ ಅನ್ನಬಹುದು, ಒಂದು ದಿನ ಎಂಟು. ದಿನವೂ ಬೇರೆ ಬೇರೆ ಜನ, ದಿನವೂ ಸರಿಯಾಗಿ ಆರೇ ಎಂದರೆ ಇದರ ಹಿಂದೆ ಯಾರದೋ ಲೆಕ್ಕಾಚಾರ ಇದೆ ಎಂದು ಅವರು ನನಗೇ ವಿವರಿಸಿದರು. ಗಿರಾಕಿಗಳಿಗೆ ಮೋಸ ಮಾಡಿದ್ದೇನೆ, ಕೆಲಸ ಬಿಡುತ್ತೇನೆ ಎಂದು ಸಹಿ ಮಾಡಿದರೆ ಪೊಲೀಸು ಗಿಲೀಸು ಇಲ್ಲದೆ ಮುಗಿಯುತ್ತದಂತೆ.

ಲೆಕ್ಕಾಚಾರ ಯಾರದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟರಲ್ಲಿ ಅಕ್ಕ ಪೆನ್ನು ಕೈಗೆತ್ತಿಕೊಂಡರು. ವಾದ ಇಲ್ಲ, ಅಳು ಇಲ್ಲ. ಇಪ್ಪತ್ತೆರಡು ವರ್ಷ ಎಂಬ ಮಾತೂ ಬಾಯಿಂದ ಬರಲಿಲ್ಲ.

"ಅಕ್ಕ, ಆ ಪೆನ್ನು ಕೆಳಗಿಡಿ," ಎಂದೆ.

"ಬಿಡು ಚಾರ್ಟಮ್ಮ. ಸಾಕಾಗಿದೆ."

"ಹತ್ತು ನಿಮಿಷ ಕೊಡಿ. ಇವರು ಸಹಿ ಮಾಡಿದ್ರೆ ನಾನು ನಿಮ್ಮಿಬ್ಬರನ್ನೂ ಸುಮ್ಮನೆ ಬಿಡಲ್ಲ," ಎಂದು ತಪಾಸಣೆಯವರಿಗೂ ಸೇರಿಸಿ ಹೇಳಿ ಹೊರಗೆ ಬಿದ್ದೆ.

ಐವತ್ಮೂರು ವರ್ಷ, ಎರಡೂ ಮಂಡಿ ನೋವು. ಓಡಿದೆ. ಕಪಾಟು ತೆಗೆದು ಚಾರ್ಟು ಕೀಳಲು ಹೋದರೆ ಜಪ್ಪಯ್ಯ ಅಂದರೂ ಬರಲಿಲ್ಲ. ನಾನೇ ಬಳಿದ ಗೋಂದು. ಒಂದು ಮೂಲೆ ಎಳೆದರೆ ಹರಿಯತೊಡಗಿತು. ಆ ಬಾಗಿಲಿನ ಕೀಲು ಸಡಿಲವಾಗಿದೆ, ಸರಿಮಾಡಿಸಿ ಎಂದು ಮೂರು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ನನಗೆ ಸಾಕಾಗಿತ್ತು. ಯಾರೂ ಮಾಡಿಸದೆ ಇದ್ದದ್ದೇ ಒಳ್ಳೆಯದಾಯಿತು. ಎರಡು ಕೈಯಲ್ಲಿ ಹಿಡಿದು ಜಗ್ಗಿದೆ, ಬಾಗಿಲೇ ಕಿತ್ತು ಬಂತು. ಅದನ್ನು ಎದೆಗೆ ಅವುಚಿಕೊಂಡು ರಸ್ತೆಗಿಳಿದೆ. ಏಳನೇ ನಂಬರ್ ಬಸ್ಸು ಬ್ರೇಕು ಹಾಕಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, ಮೇಡಂ ಮನೆ ಬದಲಾಯಿಸ್ತಾ ಇದ್ದೀರಾ ಎಂದು ಕೇಳಿದ. ನಿನ್ನ ಪಾಳಿ ಬದಲಾಯಿಸ್ತೀನಿ ಇರು ಎಂದು ದಾಟಿದೆ.

ಬಾಗಿಲನ್ನು ಕಟ್ಟೆಯ ಮೇಲೆ ಆ ಡಬ್ಬಿಯ ಪಕ್ಕ ಮಲಗಿಸಿದೆ. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದೆ. ತಪಾಸಣೆಯವರು ಕನ್ನಡಕ ಹಾಕಿಕೊಂಡು ಬಾಗಿ ಓದಿದರು. ಸೋಮವಾರ ಆರು, ಮಂಗಳವಾರ ಆರು. ಬದಲಿಯವರ ಸಾಲು, ನೆಪದ ಸಾಲು, ಹದಿನೇಳನೇ ನಂಬರಿನವನ ತಪ್ಪಿಗೆ ಕೆಂಪು ಶಾಯಿಯ ಗುರುತು. ತಮ್ಮ ಪುಸ್ತಕ ತೆಗೆದು ನಾಲ್ಕು ದಿನದ ಬಟ್ಟಲುಗಳನ್ನು ಒಂದೊಂದಾಗಿ ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ.

ನಾನು ಅವರ ಮುಖ ನೋಡುತ್ತಿದ್ದೆ, ಅಕ್ಕನನ್ನು ನೋಡುವ ಧೈರ್ಯ ಇರಲಿಲ್ಲ. ಅಕ್ಕನೂ ಎದ್ದು ಬಂದು ಓದತೊಡಗಿದ್ದರು. ಬೆರಳು ಒಂದೊಂದೇ ಗೆರೆಯ ಮೇಲೆ ನಿಧಾನ ಹೋಗುತ್ತಿತ್ತು. ಮಂಗಳವಾರದ ಮೂರನೇ ಸಾಲಿನಲ್ಲಿ ನಿಂತಿತು.

"ಇವನಿಗೆ ಹಲ್ಲುನೋವು ಅಂತ ನಾನು ಪ್ರತಿ ಮಂಗಳವಾರ ನೂಡಲ್ಸ್ ಇನ್ನೂ ಮೆತ್ತಗೆ ಬೇಯಿಸಿ ಕೊಡ್ತಿದ್ದೆ," ಎಂದರು.

ತಪಾಸಣೆಯವರು ಸಹಿಯ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಚಾರ್ಟಿನ ಫೋಟೋ ತೆಗೆದುಕೊಂಡರು. ಉಳಿದ ಮೊಟ್ಟೆ ಮನೆಗೆ ಒಯ್ಯುವುದು ತಪ್ಪು, ಅದಕ್ಕೊಂದು ಎಚ್ಚರಿಕೆ ಪತ್ರ ಬರುತ್ತದೆ, ಅದನ್ನು ತಡೆಯುವುದು ತಮ್ಮ ಕೈಯಲ್ಲಿಲ್ಲ ಎಂದರು. ಆಮೇಲೆ ಇನ್ನೊಂದು ವಿಷಯ ಹೇಳಿದರು. ಬರುವ ತಿಂಗಳಿಂದ ಏಳೂ ಅಂಗಡಿಗಳಿಗೆ ಬೇಯಿಸಿ ಸುಲಿದ ಮೊಟ್ಟೆ ಫ್ಯಾಕ್ಟರಿಯಿಂದಲೇ ಪ್ಯಾಕೆಟ್ಟಿನಲ್ಲಿ ಬರುವ ಮಾತಿದೆ, ಅಗ್ಗವಂತೆ. ಈ ಅಂಗಡಿಯಲ್ಲಿ ಮೊಟ್ಟೆ ಉಳಿಯುತ್ತಿದೆ, ಗಿರಾಕಿಗಳಿಗೆ ಅದು ಬೇಕಾಗಿಲ್ಲ ಎಂದು ಅವರೇ ಬರೆಯುವುದರಲ್ಲಿದ್ದರು. ಈಗ ಹಾಗೆ ಬರೆಯುವುದಿಲ್ಲ. ಮುಂದಿನ ತಪಾಸಣೆಯ ತನಕ ಇಲ್ಲಿ ಮಾತ್ರ ಕೈಯಲ್ಲೇ ಮಾಡಲಿ ಎಂದು ಕೇಳಿ ನೋಡುತ್ತಾರೆ. ಆದರೆ ಆಗ ಒಂದೂ ಉಳಿದಿರಬಾರದು.

ಬಾಗಿಲ ಹತ್ತಿರ ಹೋದವರು ಅಕ್ಕನ ಕಡೆ ತಿರುಗಿ, "ಅಮ್ಮ, ತಪಾಸಣೆಗೆ ಎರಡು ದಿನ ಸಾಕಿತ್ತು," ಎಂದರು. "ಇನ್ನೆರಡು ದಿನ ಮೊಟ್ಟೆ ತಿನ್ನೋಕೆ ಬಂದೆ."

ಅವರು ಹೋದ ಮೇಲೆ ಅಂಗಡಿಯಲ್ಲಿ ನಾವಿಬ್ಬರೇ. ಅಕ್ಕ ನನ್ನ ಕಡೆ ತಿರುಗಿದರು. ಆ ಕಣ್ಣು ನಾನು ಕಂಡದ್ದಲ್ಲ.

"ನಲವತ್ತೆರಡು ಜನ ಸೇರಿ ನನಗೆ ದಾನ ಮಾಡ್ತಾ ಇದ್ರಾ?"

"ಅಕ್ಕ, ಅಂಗಡಿ ಮುಚ್ಚಬಾರದು ಅಂತ..."

"ನಾಲ್ಕು ತಿಂಗಳು ಚಾರ್ಟಮ್ಮ. ನನ್ನ ಕೈರುಚಿ ಹೋಯ್ತು ಅಂದ್ಕೊಂಡೆ. ಬೇಡ ಅಂದೋರೆಲ್ಲ ನನ್ನ ಮುಖ ನೋಡದೆ ಬೇಡ ಅಂತಿದ್ರು. ಸಕ್ಕರೆ ಬದಲಾಯಿಸಿದೆ, ಶುಂಠಿ ಬದಲಾಯಿಸಿದೆ. ಮನೇಲಿ ಅತ್ತೆಗೆ ದಿನಾ ತಿನ್ನಿಸಿ ಹೇಗಿದೆ ಅಂತ ಕೇಳಿದೆ. ಅವರಿಗೆ ಕಿವೀನೇ ಕೇಳಲ್ಲ, ಚೆನ್ನಾಗಿದೆ ಅಂತ ತಲೆ ಆಡಿಸ್ತಾರೆ. ಇವತ್ತು ಆ ಸಹಿ ಯಾಕೆ ಮಾಡೋಕೆ ಹೊರಟೆ ಗೊತ್ತಾ? ಕದ್ದೆ ಅಂತ ಅಲ್ಲ. ನನ್ನ ಮೊಟ್ಟೆ ಯಾರಿಗೂ ಬೇಡ ಅನ್ನೋದು ನನಗೇ ಗೊತ್ತಿತ್ತಲ್ಲ, ಅದಕ್ಕೆ."

ನನಗೆ ಕ್ಷಮೆ ಕೇಳಿ ಅಭ್ಯಾಸವಿಲ್ಲ. ಡಿಪೋದಲ್ಲಿ ಯಾರನ್ನು ಬೇಕಾದರೂ ಕೇಳಿ. ಅವತ್ತು ಕೇಳಿದೆ. ಕೇಳುತ್ತಾ ಬಿಕ್ಕಿ ಬಿಕ್ಕಿ ಅತ್ತೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವರನ್ನು ಉಳಿಸಬೇಕು ಎಂದು ಹೊರಟು, ಒಳಗಿನಿಂದ ತಿಂದುಹಾಕಿದವಳು ನಾನು. ಅದೂ ಗೆರೆ ಎಳೆದು, ದಿನ ತಪ್ಪದಂತೆ.

ಅಕ್ಕ ಏಪ್ರನ್ ಕೊಕ್ಕೆಯಿಂದ ತೆಗೆದು ಕಟ್ಟಿಕೊಂಡು, "ನೀವು ಮುಚ್ಚಿಟ್ರಿ. ನಾನೂ ಒಂದು ಮುಚ್ಚಿಟ್ಟಿದ್ದೀನಿ, ಬಾ," ಎಂದು ಕಟ್ಟೆಯ ಹಿಂದೆ ಕರೆದರು. ಅಲ್ಲಿಗೆ ನಾನು ಒಂದು ದಿನವೂ ಕಾಲಿಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕುದಿಯುತ್ತಾ ಕಿಟಕಿಯ ಗಾಜಿಗೆಲ್ಲ ಹಬೆ ಹಿಡಿಸುತ್ತಿದ್ದ ಆ ದೊಡ್ಡ ಹಂಡೆಯ ಮುಚ್ಚಳ ಎತ್ತಿದರು. ಮೂಳೆ ಇಲ್ಲ, ತರಕಾರಿ ಇಲ್ಲ. ಬರೀ ನೀರು. ನೀರಲ್ಲಿ ಕಂಪನಿಯ ಗುರುತಿನ ಪ್ಲಾಸ್ಟಿಕ್ ಚೀಲಗಳು ತೇಲುತ್ತಿದ್ದವು.

ಸೂಪು ಹದಿನಾಲ್ಕು ತಿಂಗಳಿಂದ ಫ್ಯಾಕ್ಟರಿಯಿಂದ ಬರುತ್ತಿತ್ತು. ನೂಡಲ್ಸ್ ಮೊದಲಿಂದಲೂ ಅಲ್ಲಿಂದಲೇ. ಮಾಂಸ ಹೋಳಾಗಿಯೇ ಬರುತ್ತದೆ, ಈರುಳ್ಳಿ ಸೊಪ್ಪೂ ಹೆಚ್ಚಿಯೇ ಬರುತ್ತದೆ. ಖರ್ಚು ಇಳಿಸಬೇಕಲ್ಲ. ಅಕ್ಕ ಮಾಡುವುದು ಚೀಲ ಬಿಸಿಮಾಡಿ ಕತ್ತರಿಸಿ ಸುರಿಯುವುದು. ನಮಗೆ ಬೇಸರವಾಗಬಾರದು ಎಂದು ಚೀಲ ಕತ್ತರಿಸುವಾಗ ಬೆನ್ನು ತಿರುಗಿಸುತ್ತಿದ್ದರಂತೆ, ಸೌಟನ್ನು ಕೈಯಿಂದ ಬಿಡುತ್ತಿರಲಿಲ್ಲವಂತೆ.

"ಆ ಬಟ್ಟಲಲ್ಲಿ ನನ್ನ ಕೈದು ಅಂತ ಉಳಿದಿರೋದು ಮೊಟ್ಟೆ ಒಂದೇ," ಎಂದರು. "ನೀವು ಅದನ್ನೇ ಬೇಡ ಅಂದ್ರಿ."

ನಾನು ಕಟ್ಟೆಯ ಅಂಚು ಹಿಡಿದು ನಿಂತೆ. ಈ ಸೂಪು ಇನ್ನೆಲ್ಲೂ ಸಿಗಲ್ಲ ಎಂದು ಅವರ ಮುಖಕ್ಕೇ ಹೇಳಿದ್ದೆನಲ್ಲ. ಅದು ಏಳೂ ಅಂಗಡಿಗಳಲ್ಲಿ ಸಿಗುತ್ತಿತ್ತು.

"ಹೋಗಿ ಕೂತ್ಕೋ," ಎಂದು ಅಕ್ಕ ಸೌಟಿನಿಂದ ನನ್ನ ಮಾಮೂಲಿ ಸ್ಟೂಲು ತೋರಿಸಿದರು. ಹೋಗಿ ಕೂತೆ. ಬೆನ್ನು ತಿರುಗಿಸದೆ, ನನ್ನ ಕಣ್ಣೆದುರಿಗೇ ಚೀಲ ಕತ್ತರಿಸಿ ಬಟ್ಟಲಿಗೆ ಸುರಿದರು. ನೂಡಲ್ಸ್ ಬಸಿದು ಹಾಕಿದರು, ಮಾಂಸ ಇಟ್ಟರು, ಸೊಪ್ಪು ಉದುರಿಸಿದರು. ಆಮೇಲೆ ಭರಣಿಯಿಂದ ಒಂದು ಮೊಟ್ಟೆ ತೆಗೆದು, ದಾರದ ತುದಿ ಹಲ್ಲಲ್ಲಿ ಕಚ್ಚಿ ಎಳೆದರು. ಹಳದಿ ಒಂದು ತೊಟ್ಟು ಹರಿಯಲಿಲ್ಲ. ಗುರುವಾರ ನನಗೆ ಮೊಟ್ಟೆ ಇಲ್ಲದ ದಿನ. ಬಟ್ಟಲು ಮುಂದಿಟ್ಟು ಹೋಗಲಿಲ್ಲ, ಕಟ್ಟೆಗೆ ಎರಡೂ ಕೈ ಊರಿ ಅಲ್ಲೇ ನಿಂತರು. ನಾನು ಮೊದಲು ಮೊಟ್ಟೆಯನ್ನೇ ಎತ್ತಿಕೊಂಡೆ.

"ಹೇಗಿದೆ?" ಎಂದು ಕೇಳಿದರು.

ಹತ್ತೊಂಬತ್ತು ವರ್ಷದಲ್ಲಿ ಒಬ್ಬ ಗಿರಾಕಿಯನ್ನೂ ಹಾಗೆ ಕೇಳಿದವರಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ತುಂಬ ಚೆನ್ನಾಗಿದೆ ಅಕ್ಕ ಎನ್ನುವ ಮಾತು ನಾಲಿಗೆಯ ತನಕ ಬಂತು. ಬಂದದ್ದನ್ನು ನುಂಗಿದೆ. ನಾಲ್ಕು ತಿಂಗಳು ಅವರ ಎದುರು ಒಳ್ಳೆಯವಳಾಗಿ ಏನು ಮಾಡಿದೆ ಎಂದು ಗೊತ್ತಾಗಿತ್ತು. ಮತ್ತೆ ಬಾಯಿಗಿಟ್ಟು ನಿಧಾನವಾಗಿ ತಿಂದೆ, ಚಾರ್ಟು ನೋಡುವ ಹಾಗೆ ತಪ್ಪು ಹುಡುಕುತ್ತಾ ತಿಂದೆ.

"ಸಕ್ಕರೆ ಒಂದು ಚೂರು ಮುಂದಾಗಿದೆ," ಎಂದೆ. "ಮೊದಲು ಹೀಗಿರಲಿಲ್ಲ."

ಅಕ್ಕನ ಮುಖ ಅರಳಿತು. ಸುಳ್ಳಲ್ಲ, ಅರಳಿತು. ಸೌಟನ್ನು ಬಾಯಿಗೆ ಅಡ್ಡ ಹಿಡಿದರು, ಆದರೆ ನಗುತ್ತಿದ್ದರೋ ಅಳುತ್ತಿದ್ದರೋ ನಾನು ಹೇಳಲಾರೆ. ಆಮೇಲೆ ಸೌಟು ಕೆಳಗಿಳಿಸಿ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡರು.

"ನನಗೂ ಅನುಮಾನ ಇತ್ತು," ಎಂದರು. "ನಾಳೆ ಸರಿ ಮಾಡ್ತೀನಿ. ಬರ್ತೀಯಲ್ಲ?"

ಚಾರ್ಟನ್ನು ಅವರೇ ಸೂಜಿಯ ತುದಿಯಿಂದ ಕೆರೆದು ಕೆರೆದು ಬಾಗಿಲಿನಿಂದ ತೆಗೆದರು. ಇನ್ನು ಮೇಲೆ ನನ್ನ ಅಂಗಡಿಗೆ ಚಾರ್ಟು ಗೀರ್ಟು ಬರೆದರೆ ಸೌಟು ತಲೆಯ ಮೇಲೆ ಬೀಳುತ್ತದೆ ಎಂದರು. ನಾನು ಬರಿ ಬಾಗಿಲನ್ನು ಕಂಕುಳಲ್ಲಿ ಇಟ್ಟುಕೊಂಡು ಡಿಪೋಗೆ ಹೋಗಿ ಎಲ್ಲರನ್ನೂ ಕರೆದು ನಡೆದದ್ದನ್ನು ಹೇಳಿದೆ. ಮಂಗಳವಾರದ ಹಲ್ಲುನೋವಿನವನು ಎದ್ದು ಹೊರಗೆ ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಒಬ್ಬನೇ ಕೂತ.

ಅಂಗಡಿ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದಿನ ತಪಾಸಣೆ ಇನ್ನೂ ಬಂದಿಲ್ಲ. ದರಪಟ್ಟಿಯ ಮೇಲೆ ಇನ್ನೊಂದು ಚೀಟಿ ಬಿದ್ದಿದೆ. ಆದರೆ ಆ ಶುಕ್ರವಾರ ಮಧ್ಯಾಹ್ನ ನಾನು ಪಾಳಿ ಮುಗಿಯುವುದಕ್ಕೂ ಕಾಯದೆ ರಸ್ತೆ ದಾಟಿದೆ. ಸೌಟು ಸ್ಟೂಲು ತೋರಿಸಿತು. ಬಟ್ಟಲು ಬಂತು. ಅಕ್ಕ ಹಂಡೆಯ ಕಡೆ ತಿರುಗಿ ನಿಂತು, ನನ್ನನ್ನು ನೋಡದ ಹಾಗೆ ನೋಡುತ್ತಿದ್ದರು. ಮೊಟ್ಟೆ ತಿಂದೆ.

ಸಕ್ಕರೆ ಸರಿಯಾಗಿತ್ತು.